ಕಾಣಿಕೆಗೆ ಮೊದಲು ಕೂಲಿ

ಕ್ರೈಸ್ತನೊಬ್ಬನ ಭಕ್ತಿಯನ್ನು ಅಳೆಯಬೇಕಾದರೆ ಭಾನುವಾರ ಇಗರ್ಜಿಯ ಬಾಗಿಲಲ್ಲಿ ನಿಂತು ಪ್ರಯೋಜನವಿಲ್ಲ. ಶನಿವಾರ ಸಂಜೆ ಅವನ ಮನೆಯ ಹಿತ್ತಿಲ ಬಾಗಿಲಲ್ಲಿ ನಿಲ್ಲಬೇಕು. ಕೂಲಿಯ ಲೆಕ್ಕ ನಡೆಯುವುದು ಅಲ್ಲಿ.

ನಾನೂ ಕ್ರೈಸ್ತನೇ, ದಕ್ಷಿಣ ಕನ್ನಡದ ನಮ್ಮವರ ನಡುವೆಯೇ ಬೆಳೆದವನು. ಆದ್ದರಿಂದ ಇದು ಹೊರಗಿನವರ ನಿಂದೆಯಲ್ಲ. ಒಂದು ದಿನವೂ ಜಪಮಾಲೆ ತಪ್ಪಿಸದ ಮನೆಗಳಲ್ಲಿ, ಪಾತ್ರೆ ತೊಳೆಯುವವಳ ಸಂಬಳ ತಿಂಗಳ ಹತ್ತನೇ ತಾರೀಕಾದರೂ ಅವಳ ಕೈಸೇರದಿರುವುದನ್ನು ನೋಡಿದ್ದೇನೆ. 'ನಾಳೆ ಬಾ' ಎಂಬ ಎರಡು ಶಬ್ದ ನಮ್ಮ ನಾಲಿಗೆಗೆ ಎಷ್ಟು ಸಲೀಸು!

ಬೈಬಲ್ ಈ ವಿಷಯದಲ್ಲಿ ಯಾರ ಮುಲಾಜನ್ನೂ ನೋಡುವುದಿಲ್ಲ. ಕೂಲಿಯವನ ಹಣವನ್ನು ಮರುದಿನ ಬೆಳಗಿನ ತನಕ ಇರಿಸಿಕೊಳ್ಳಬಾರದೆಂದು ಯಾಜಕಕಾಂಡದ 19ನೇ ಅಧ್ಯಾಯ ಕಟ್ಟಳೆ ಮಾಡಿದೆ. ಹೊಲ ಕೊಯ್ದವರಿಗೆ ಕೊಡದೆ ಹಿಡಿದಿಟ್ಟ ಕೂಲಿಯೇ ಕೂಗಿಕೊಳ್ಳುತ್ತದೆಂದು ಯಾಕೋಬನ ಪತ್ರದ 5ನೇ ಅಧ್ಯಾಯ ಎಚ್ಚರಿಸುತ್ತದೆ. ಯೇಸು ಹೇಳಿದ ದ್ರಾಕ್ಷಿತೋಟದ ಕತೆಯಲ್ಲಿ ಯಜಮಾನ ಸಂಜೆ ಕೆಲಸಕ್ಕೆ ಬಂದವನಿಗೂ ಅಂದೇ ಪೂರ್ತಿ ಕೂಲಿ ಕೊಡುತ್ತಾನೆ. ನಾವೋ, ಬೆಳಿಗ್ಗೆ ಬಂದವನಿಗೇ ಅರ್ಧ ಬಾಕಿ ಇಡುತ್ತೇವೆ.

'ವ್ಯವಹಾರ ಬೇರೆ, ದೇವರು ಬೇರೆ' ಎನ್ನುವವರಿದ್ದಾರೆ. ಹಾಗಿದ್ದರೆ 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಪ್ರಾರ್ಥನೆ ಕಲಿಸಿ ಸುಮ್ಮನಿರಬಹುದಿತ್ತು. ಕ್ರೈಸ್ತರಾಗಿ ಕುಲ, ಕಸುಬು ಎರಡನ್ನೂ ಕಳೆದುಕೊಂಡವರಿಗೆ ಅನ್ನದ ದಾರಿ ಬೇಕೆಂದು ಅವರು ಮಗ್ಗ ಹಾಕಿಸಿದರು, 1865ರಲ್ಲಿ ಹಂಚಿನ ಕಾರ್ಖಾನೆ ತೆರೆದರು. ಅವರನ್ನು ಟೀಕಿಸುವುದಕ್ಕೆ ಬೇರೆ ಕಾರಣಗಳಿರಬಹುದು. ಆದರೆ ಸುವಾರ್ತೆಗೂ ದುಡಿಮೆಗೂ ಸಂಬಂಧವಿಲ್ಲವೆಂದು ಅವರು ಕೈತೊಳೆದುಕೊಳ್ಳಲಿಲ್ಲ.

ಇನ್ನು ಕೆಲವರು, 'ಕ್ರಿಸ್ಮಸ್ಸಿಗೆ ಸೀರೆ ಕೊಡುತ್ತೇವೆ, ಒಂದು ತಟ್ಟೆ ಕುಸ್ವಾರ್ ಕೊಡುತ್ತೇವೆ, ಸಾಲದೆ?' ಎಂದು ಕೇಳುತ್ತಾರೆ. ಸಾಲದು. ಸಲ್ಲಬೇಕಾದುದನ್ನು ತಡೆದು, ಅದರಿಂದಲೇ ಒಂದು ಚೂರು ಮುರಿದು ಕೊಡುವುದು ದಾನವಲ್ಲ. ಸಾಲಗಾರನು ಸಾಹುಕಾರನ ವೇಷ ಹಾಕುವುದು. ಸೀರೆ ಪಡೆದವಳು ಕೈಮುಗಿಯಬೇಕಾಗುತ್ತದೆ. ಕೂಲಿ ಪಡೆದವಳು ತಲೆಯೆತ್ತಿ ಹೋಗುತ್ತಾಳೆ. ನಮಗೆ ಮೊದಲನೆಯದೇ ಹಿತವೆನಿಸುವುದೇಕೆ?

ನಮ್ಮ ಕ್ಯಾಥೊಲಿಕರು ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಹೊಸ ತೆನೆಯನ್ನು ಆಶೀರ್ವದಿಸಿ, ಅದರ ಕಾಳನ್ನು ಮನೆಮಂದಿಯೆಲ್ಲ ಹಂಚಿಕೊಂಡು ಉಣ್ಣುತ್ತಾರೆ. ಬಹಳ ಚೆಂದದ ಪದ್ಧತಿ. ಆದರೆ ಆ ಗದ್ದೆಯ ಕೆಸರಿನಲ್ಲಿ ನಾಟಿ ಮಾಡಿದವಳ ಕೂಲಿ ಬಾಕಿಯಿದ್ದರೆ ನಾವು ಹಂಚಿಕೊಳ್ಳುವುದು ಯಾರ ಅನ್ನ?

ಯಾರಿಗಾದರೂ ನಿನ್ನ ಮೇಲೆ ಮನಸ್ತಾಪವಿದ್ದರೆ ಕಾಣಿಕೆಯನ್ನು ವೇದಿಯ ಮುಂದೆಯೇ ಬಿಟ್ಟು ಹೋಗಿ, ಮೊದಲು ಅವರೊಡನೆ ಒಂದಾಗಿ ಬಾ ಎಂಬುದು ಪರ್ವತ ಪ್ರಸಂಗದ ಬೋಧೆ. ಆದ್ದರಿಂದ ನಮ್ಮ ಪಾದ್ರಿಗಳಲ್ಲಿ ಒಂದು ವಿನಂತಿ. ಕಾಣಿಕೆ ಎತ್ತುವ ಮೊದಲು, 'ಯಾರ ಕೂಲಿಯನ್ನಾದರೂ ಬಾಕಿಯಿಟ್ಟವರು ಇದ್ದೀರಾ?' ಎಂದು ಒಂದೇ ಒಂದು ಭಾನುವಾರ ಕೇಳಿ. ಇದ್ದವರು ಎದ್ದು ಹೋಗಿ ಕೊಟ್ಟು ಬರಲಿ. ಆ ದಿನ ಕಾಣಿಕೆ ಡಬ್ಬಿ ಹಗುರವಾದೀತು. ಆಗಲಿ. ದೇವರಿಗೆ ಅದರಿಂದ ನಷ್ಟವೇನೂ ಇಲ್ಲ.