ಬಡವರ ಮೇಲೆ ಹೊರಿಸಿದ ಮಿಥ್ಯಾರೋಪ

ಭಯೋತ್ಪಾದನೆಯ ಮೂಲ ಬಡತನ ಮತ್ತು ಅವಿದ್ಯೆ ಎಂಬ ಮಾತು ವೇದಿಕೆಗಳ ಮೇಲೆ ಎಷ್ಟು ಸಲ ಕೇಳಿಬಂದಿದೆಯೆಂದರೆ, ಅದನ್ನು ಪ್ರಶ್ನಿಸುವುದೇ ಅವಿವೇಕವೆನಿಸುವಂತಾಗಿದೆ. 2002ರ ಮಾರ್ಚ್‌ನಲ್ಲಿ ಮೆಕ್ಸಿಕೋದ ಮಾಂಟೆರ್ರೆಯಲ್ಲಿ ನಡೆದ ವಿಶ್ವಸಂಸ್ಥೆಯ ಸಮ್ಮೇಳನದಲ್ಲಿ ಅಮೆರಿಕದ ಅಂದಿನ ಅಧ್ಯಕ್ಷ ಜಾರ್ಜ್ ಬುಷ್ ಅವರೂ ಬಡತನದ ವಿರುದ್ಧದ ಹೋರಾಟವನ್ನು ಭಯೋತ್ಪಾದನೆಯೊಂದಿಗೆ ತಳಕು ಹಾಕಿದರು. ಬಡವರಿಗೆ ಅನ್ನ ದೊರೆಯಲಿ ಎಂಬ ಆಶಯಕ್ಕೆ ಯಾರ ತಕರಾರೂ ಇಲ್ಲ. ಆದರೆ ಹಸಿದವನಿಗೆ ಅನ್ನವಿಕ್ಕಲು ಅವನ ಹಸಿವೊಂದೇ ಸಾಲದೆ? ಅವನು ನಾಳೆ ಬಾಂಬು ಹಿಡಿದಾನೆಂಬ ಭಯವೂ ಬೇಕೆ?

ಅರ್ಥಶಾಸ್ತ್ರಜ್ಞ ಅಲನ್ ಕ್ರೂಗರ್ ಹಾಗೂ ಸಂಶೋಧಕಿ ಯಿತ್ಕಾ ಮಾಲೆಚ್ಕೋವಾ ಅವರು ಲೆಬನಾನಿನಲ್ಲಿ ಹೋರಾಡಿ ಸತ್ತ 129 ಮಂದಿ ಹಿಜ್ಬುಲ್ಲಾ ಸದಸ್ಯರ ಜೀವನವಿವರಗಳನ್ನು ಅದೇ ನಾಡಿನ ಸಾಮಾನ್ಯ ಜನರೊಂದಿಗೆ ಹೋಲಿಸಿ 2003ರಲ್ಲಿ ಪ್ರಕಟಿಸಿದರು. ಸತ್ತವರಲ್ಲಿ ಬಡವರ ಪ್ರಮಾಣ ಕಡಿಮೆಯಿತ್ತು, ಪ್ರೌಢಶಿಕ್ಷಣ ಪಡೆದವರ ಪ್ರಮಾಣ ಹೆಚ್ಚಿತ್ತು. ಇದು ಒಂದು ದೇಶದ ಅಥವಾ ಒಂದು ಮತದ ಸಂಗತಿಯೂ ಅಲ್ಲ. 1995ರ ಮಾರ್ಚ್ 20ರಂದು ಟೋಕಿಯೋದ ಸುರಂಗ ರೈಲುಗಳಲ್ಲಿ ವಿಷಾನಿಲ ಹರಡಿದ ಓಂ ಶಿನ್ರಿಕ್ಯೋ ಪಂಥದ ಐವರಲ್ಲಿ ಒಬ್ಬನು ಹೃದಯದ ಶಸ್ತ್ರವೈದ್ಯ. ಉಳಿದವರು ಭೌತವಿಜ್ಞಾನ, ತಂತ್ರಜ್ಞಾನಗಳನ್ನು ಓದಿದವರು. ನಾರ್ವೆಯಲ್ಲಿ 2011ರ ಜುಲೈ 22ರಂದು 77 ಜನರನ್ನು ಕೊಂದವನು ರಾಜತಾಂತ್ರಿಕ ಅಧಿಕಾರಿಯೊಬ್ಬರ ಮಗ. 2001ರಲ್ಲಿ ನ್ಯೂಯಾರ್ಕಿನ ಗೋಪುರಕ್ಕೆ ಮೊದಲ ವಿಮಾನವನ್ನು ನುಗ್ಗಿಸಿದ ಮೊಹಮ್ಮದ್ ಅಟ್ಟಾ ಹ್ಯಾಂಬರ್ಗಿನಲ್ಲಿ ನಗರಯೋಜನೆಯನ್ನು ಅಭ್ಯಸಿಸಿದವನು. ಅವನ ಪ್ರಬಂಧದ ವಸ್ತು ಅಲೆಪ್ಪೋ ಪಟ್ಟಣದ ಪುರಾತನ ಬಡಾವಣೆಯ ರಕ್ಷಣೆ! 2007ರ ಜೂನ್ 30ರಂದು ಗ್ಲಾಸ್ಗೋ ವಿಮಾನನಿಲ್ದಾಣಕ್ಕೆ ಉರಿಯುವ ಜೀಪನ್ನು ನುಗ್ಗಿಸಿದ ಕಫೀಲ್ ಅಹ್ಮದ್ ಬೆಂಗಳೂರಿನವನು, ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಪದವಿ ಪಡೆದವನು, ಜೊತೆಗಿದ್ದವನು ವೈದ್ಯ. ಇವರಲ್ಲಿ ಯಾರ ಮನೆಯ ಒಲೆ ಆರಿತ್ತು?

ಹಾಗಾದರೆ ಇವರನ್ನು ಸೆಳೆದುದೇನು? ಮನೋವೈದ್ಯ ಮಾರ್ಕ್ ಸೇಜ್‌ಮನ್ 2004ರ ತಮ್ಮ ಗ್ರಂಥದಲ್ಲಿ 172 ಜನರ ಜೀವನವನ್ನು ಪರಿಶೀಲಿಸಿ, ಬಹುಪಾಲು ಮಂದಿ ಗೆಳೆತನ ಮತ್ತು ನಂಟಸ್ತಿಕೆಯ ಮೂಲಕವೇ ಆ ಹಾದಿ ಹಿಡಿದರೆಂದು ತೋರಿಸಿದರು. ನಾಲ್ವರು ಗೆಳೆಯರು ಒಂದೆಡೆ ಕುಳಿತು, ಹೊರಗಿನವರ ಮಾತಿಗೆ ಕಿವಿಮುಚ್ಚಿ, ತಮ್ಮೊಳಗೇ ದ್ವೇಷವನ್ನು ಕುದಿಸುತ್ತಾ ಹೋಗುವುದು ಹಸಿವಿಗಿಂತ ಅಪಾಯಕರ.

ಬಡತನಕ್ಕೂ ಹಿಂಸೆಗೂ ನಂಟೇ ಇಲ್ಲವೆಂದರೆ ಅದೂ ಸತ್ಯವಾಗದು. ಆಫ್ರಿಕದ ಉಗ್ರ ಸಂಘಟನೆಗಳಿಗೆ ಸೇರಿದವರಲ್ಲಿ ಅನೇಕರು ಸರ್ಕಾರ ಮರೆತ ಗಡಿನಾಡುಗಳ ನಿರುದ್ಯೋಗಿಗಳು. ಆದರೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮವು 2017ರ ವರದಿಗಾಗಿ ಅಂತಹವರನ್ನೇ ಮಾತನಾಡಿಸಿದಾಗ, ಸ್ವಇಚ್ಛೆಯಿಂದ ಸೇರಿದವರಲ್ಲಿ ಶೇ. 71ರಷ್ಟು ಮಂದಿ ಹೇಳಿದ ಕೊನೆಯ ಕಾರಣ ಸರ್ಕಾರದ ಕೃತ್ಯವಾಗಿತ್ತು: ಬಂಧುವಿನ ಅಥವಾ ಗೆಳೆಯನ ಕೊಲೆ, ಬಂಧನ. ಈ ಮಿಥ್ಯಾರೋಪದ ಕ್ರೌರ್ಯ ಇಲ್ಲಿದೆ. ಬಡವನನ್ನು ಹುಟ್ಟಾ ಶಂಕಿತನೆಂದು ಬಗೆಯುವ ಆಡಳಿತ ಅವನ ಗುಡಿಸಲಿಗೇ ಮೊದಲು ನುಗ್ಗುತ್ತದೆ, ಅವನ ಅಣ್ಣನನ್ನು ಎಳೆದೊಯ್ಯುತ್ತದೆ. ಆಮೇಲೆ ತಮ್ಮನು ಕಾಡು ಸೇರಿದನೆಂದು ಕೇಳಿದಾಗ, ಬಡತನವೇ ಕಾರಣವೆಂದು ಮತ್ತೊಂದು ವೇದಿಕೆಯಿಂದ ಭಾಷಣವಾಗುತ್ತದೆ.