ಟಿ.ಡಿ.ಎಸ್. ಅಂದರೆ ಏನಮ್ಮಾ?



ನಮ್ಮ ಅಡುಗೆಮನೆಯ ಗೋಡೆಗೆ ಒಂದು ಮೊಳೆ, ಅದಕ್ಕೊಂದು ತಂತಿ ಇದೆ. ಕರೆಂಟು ಬಿಲ್ಲು, ಡಾಕ್ಟರ ಚೀಟಿ, ಬ್ಯಾಂಕಿನ ಪತ್ರ, ಮನೆಗೆ ಬಂದ ಕಾಗದಗಳೆಲ್ಲ ಆ ತಂತಿಗೆ ಸೇರುತ್ತವೆ. ನಿಮ್ಮ ಮನೆಯಲ್ಲೂ ಇಂಥದೊಂದು ಇದ್ದೇ ಇರುತ್ತದೆ, ಅಲ್ಲವೇ? ಮೊನ್ನೆ ಧೂಳು ಹೊಡೆಯೋಣವೆಂದು ಅದನ್ನು ಕೆಳಗಿಳಿಸಿಕೊಂಡು ಕೂತಿದ್ದೆ. ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ನಮ್ಮ ಅತ್ತೆಯವರು ತಮ್ಮ ಔಷಧಿ ಚೀಟಿಯನ್ನು ಎತ್ತಿಕೊಂಡು ಕಣ್ಣಿನ ಹತ್ತಿರ ಹಿಡಿದರು. ಅವರಿಗೆ ಇಂಗ್ಲಿಷ್ ಬಾರದು. ಆದರೆ ಮೂರು ಅಕ್ಷರ ಮಾತ್ರ ಚೆನ್ನಾಗಿ ಗುರುತು.

"ಇದೇನಮ್ಮಾ, ಇಲ್ಲೂ ಟಿ.ಡಿ.ಎಸ್. ಅಂತ ಬರ್ದವ್ರೆ? ಬ್ಯಾಂಕಿನೋರು ಹಿಡ್ಕೊಂಡಿದ್ದು ಸಾಲ್ದು ಅಂತ ಡಾಕ್ಟ್ರೂ ಹಿಡ್ಕೋತಾರಾ?"

ನಾನು ನಕ್ಕಿದ್ದೇ ನಕ್ಕಿದ್ದು. ಆದರೆ ಅದೇ ತಂತಿಯಲ್ಲಿ ಇನ್ನೂ ಕೆಳಗೆ ಒಂದು ಹಳೆಯ ಚೀಟಿ ಇತ್ತು. ಅದರ ಮೇಲೂ ಟಿ.ಡಿ.ಎಸ್. ಎಂದೇ ಬರೆದಿತ್ತು. ಅದನ್ನು ನೋಡಿದ ಮೇಲೆ ನನ್ನ ನಗು ನಿಂತುಹೋಯಿತು. ಆ ಕಥೆ ಆಮೇಲೆ ಹೇಳುತ್ತೇನೆ.

ಒಂದೇ ಅಕ್ಷರಗಳಿಗೆ ಹಲವು ಅರ್ಥ ಇರುವುದು ಹೊಸದೇನಲ್ಲ. ಸ್ಕೂಲಿನಲ್ಲಿ ಟಿ.ಸಿ. ಅಂದರೆ ವರ್ಗಾವಣೆ ಪತ್ರ. ರೈಲಿನಲ್ಲಿ ಟಿ.ಸಿ. ಬಂದರು ಅಂದರೆ ಟಿಕೆಟ್ ತೆಗೆದು ಕೈಯಲ್ಲಿ ಹಿಡಿಯುತ್ತೇವೆ. ನಮ್ಮ ಶ್ರೀನಿವಾಸಪುರದ ಮಾವಿನ ತೋಟದವರು "ಟಿ.ಸಿ. ಸುಟ್ಟುಹೋಯ್ತು" ಅಂದರೆ ಅದು ಕರೆಂಟಿನ ಟ್ರಾನ್ಸ್‌ಫಾರ್ಮರು! ಇಲ್ಲಿ ಯಾರೂ ಎಡವುವುದಿಲ್ಲ. ಜಾಗವೇ ಅರ್ಥ ಹೇಳಿಬಿಡುತ್ತದೆ. ಟಿ.ಡಿ.ಎಸ್. ಹಾಗಲ್ಲ. ಅದರ ಮೂರು ಅರ್ಥಗಳೂ ನೇರವಾಗಿ ನಮ್ಮ ಅಡುಗೆಮನೆಗೇ ಬಂದು ಒಂದೇ ಮೊಳೆಗೆ ನೇತುಬೀಳುತ್ತವೆ.

ಮೊದಲು ಡಾಕ್ಟರ ಚೀಟಿ. ಇಲ್ಲಿಯ ಟಿ.ಡಿ.ಎಸ್. ಇಂಗ್ಲಿಷೇ ಅಲ್ಲ, ಲ್ಯಾಟಿನ್. "ಟೆರ್ ಡಿಯೆ ಸುಮೆಂಡುಮ್", ಅಂದರೆ ದಿನಕ್ಕೆ ಮೂರು ಸಲ ತೆಗೆದುಕೊಳ್ಳತಕ್ಕದ್ದು. ಬಿ.ಡಿ. ಅಂದರೆ ಎರಡು ಸಲ, ಓ.ಡಿ. ಅಂದರೆ ಒಂದೇ ಸಲ. ಎಸ್.ಓ.ಎಸ್. ಅಂತ ಇದ್ದರೆ ಅಗತ್ಯ ಬಿದ್ದಾಗ ಮಾತ್ರ. ನೋವಿನ ಮಾತ್ರೆಯ ಮುಂದೆ ಎಸ್.ಓ.ಎಸ್. ಬರೆದಿದ್ದರೆ ಅದನ್ನು ಊಟದ ಹಾಗೆ ಹೊತ್ತುಹೊತ್ತಿಗೆ ನುಂಗಬಾರದು; ಹೊಟ್ಟೆಗೂ ಮೂತ್ರಪಿಂಡಕ್ಕೂ ತೊಂದರೆ. ಔಷಧಿ ಅಂಗಡಿಯಲ್ಲಿ "ಇದರ ಮೇಲೆ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಅಂತ ಕನ್ನಡದಲ್ಲಿ ಬರೆದುಕೊಡಿ" ಎಂದು ಕೇಳಿ. ಊಟಕ್ಕೆ ಮುಂಚೆಯೋ ಆಮೇಲೆಯೋ ಎಂಬುದನ್ನೂ ಬರೆಸಿಕೊಳ್ಳಿ. ಒಂದು ನಿಮಿಷದ ಕೆಲಸ. ನಮ್ಮ ಅತ್ತೆಯವರಿಗೆ ನಾನು ಸೂರ್ಯ, ನೆತ್ತಿಯ ಮೇಲಿನ ಸೂರ್ಯ, ಚಂದ್ರ, ಹೀಗೆ ಚಿತ್ರ ಬರೆದುಕೊಟ್ಟಿದ್ದೇನೆ. ಈಗ ತಪ್ಪುವುದಿಲ್ಲ.

ಎರಡನೆಯದು ಬ್ಯಾಂಕಿನದು. ಹಣ ಕೊಡುವ ಜಾಗದಲ್ಲೇ ತೆರಿಗೆಯನ್ನು ಹಿಡಿದುಕೊಂಡು ಉಳಿದದ್ದನ್ನು ಕೊಡುವುದು. ಮಾವನವರು ಹೋದ ಮೇಲೆ ಬಂದ ಹಣವನ್ನು ಅತ್ತೆಯವರು ಬ್ಯಾಂಕಿನಲ್ಲಿ ಠೇವಣಿ ಇಟ್ಟಿದ್ದರು. 2023ರಲ್ಲಿ ಬಡ್ಡಿಯಲ್ಲಿ ಆರು ಸಾವಿರದ ಚಿಲ್ಲರೆ ಕಡಿತವಾಗಿತ್ತು. ಅವತ್ತಿನಿಂದಲೇ ಅವರಿಗೆ ಆ ಮೂರಕ್ಷರ ಕಂಡರೆ ಕೋಪ! ಬ್ಯಾಂಕಿನದೇನೂ ತಪ್ಪಿರಲಿಲ್ಲ. ತೆರಿಗೆ ಕಟ್ಟುವಷ್ಟು ಆದಾಯ ನಮಗಿಲ್ಲ ಎಂದು ವರ್ಷದ ಮೊದಲಲ್ಲೇ ಸ್ವಯಂ ಘೋಷಣೆಯ ನಮೂನೆ ತುಂಬಿಕೊಡಬೇಕಿತ್ತು, ನಾವು ಕೊಟ್ಟಿರಲಿಲ್ಲ. ಬಹಳ ವರ್ಷ ಅದನ್ನು 15ಜಿ ಎಂದೂ, 60 ದಾಟಿದವರಿಗೆ 15ಎಚ್ ಎಂದೂ ಕರೆದರು. ನಮೂನೆಯ ನಂಬರು ಕಾಯ್ದೆಯ ಜೊತೆ ಬದಲಾಗುತ್ತದೆ, ನೀವು ನಂಬರು ಹೇಳದೆ "ಟಿ.ಡಿ.ಎಸ್. ಹಿಡಿಯಬೇಡಿ ಅಂತ ಕೊಡುವ ನಮೂನೆ ಕೊಡಿ" ಎಂದು ಕೇಳಿದರೆ ಸಾಕು. 2025ರ ಏಪ್ರಿಲ್ 1ರಿಂದ ಹಿರಿಯ ನಾಗರಿಕರಿಗೆ ಒಂದು ಬ್ಯಾಂಕಿನ ವರ್ಷದ ಬಡ್ಡಿ 1 ಲಕ್ಷ ರೂಪಾಯಿ ಮೀರಿದರೆ ಮಾತ್ರ, ಉಳಿದವರಿಗೆ 50 ಸಾವಿರ ಮೀರಿದರೆ ಮಾತ್ರ ಕಡಿತ. ಪಾನ್ ಕಾರ್ಡು ಕೊಟ್ಟಿದ್ದರೆ ನೂರಕ್ಕೆ 10, ಕೊಡದಿದ್ದರೆ 20. ಹಿಡಿದ ಹಣ ಮುಳುಗಿತು ಅಂತ ಅಲ್ಲ. ರಿಟರ್ನ್ಸ್ ಸಲ್ಲಿಸಿದರೆ ಹೆಚ್ಚಾಗಿ ಹಿಡಿದದ್ದು ವಾಪಸ್ಸು ಬರುತ್ತದೆ. ನಮಗೂ ಬಂತು.

ಇನ್ನು ಮೂರನೆಯದು. ನನ್ನ ನಗು ನಿಲ್ಲಿಸಿದ್ದು ಇದೇ.

ನಮ್ಮ ಕೋಲಾರ ಸೀಮೆಯ ನೀರಿನ ಪಾಡು ನಿಮಗೆ ಗೊತ್ತೇ ಇದೆ. ವರ್ಷವೆಲ್ಲ ಹರಿಯುವ ನದಿಯಿಲ್ಲ. ಬೋರ್‌ವೆಲ್ಲು ಸಾವಿರ ಅಡಿ ದಾಟಿದೆ. ನೀರಿನಲ್ಲಿ ಕರಗಿರುವ ಉಪ್ಪು, ಸುಣ್ಣ ಮೊದಲಾದ ಎಲ್ಲ ಲವಣಗಳ ಒಟ್ಟು ಲೆಕ್ಕಕ್ಕೂ ಟಿ.ಡಿ.ಎಸ್. ಎಂದೇ ಹೆಸರು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಅದು 500 ಮಿಲಿಗ್ರಾಮಿನೊಳಗಿರಬೇಕು. ಬೇರೆ ನೀರೇ ಇಲ್ಲದ ಕಡೆ 2000ದವರೆಗೆ ಸಹಿಸಬಹುದು.

ನನ್ನ ಚಿಕ್ಕ ಮಗಳಿಗೆ ಆಗ ಮೂರು ವರ್ಷ. ನೀರಿನ ಫಿಲ್ಟರ್ ಮಾರುವವನೊಬ್ಬ ಬೀದಿಗೆ ಬಂದಿದ್ದ. ಪೆನ್ನಿನಂಥ ಒಂದು ಮೀಟರನ್ನು ನಮ್ಮ ಬೋರಿನ ನೀರಿನಲ್ಲಿ ಅದ್ದಿ, "480 ಅಕ್ಕಾ. 500ರ ಒಳಗೇ ಇದೆ. ನಿಮ್ಮ ನೀರು ಚೆನ್ನಾಗಿದೆ" ಎಂದು ಚೀಟಿ ಬರೆದುಕೊಟ್ಟ. ಮಾರಲು ಬಂದವನೇ ಬೇಡ ಅಂದ ಮೇಲೆ ಇನ್ನೇನು ಬೇಕು ಎಂದು ನಾನು ನಿಶ್ಚಿಂತಳಾದೆ. ಆ ಚೀಟಿಯನ್ನು ತಂತಿಗೆ ಸಿಕ್ಕಿಸಿದೆ. ಅದೇ ನೀರು ಕುಡಿದೆವು, ಅದೇ ನೀರಿನಲ್ಲಿ ಮುದ್ದೆ ಮಾಡಿದೆವು.

ಮಗಳಿಗೆ ಏಳು ತುಂಬಿ ಹೊಸ ಹಲ್ಲು ಬಂದಾಗ ಅದರ ಮೇಲೆ ಸುಣ್ಣ ಬಳಿದಂಥ ಬಿಳಿ ಗೆರೆ. ಬರಬರುತ್ತಾ ಅದು ಕಂದು ಬಣ್ಣಕ್ಕೆ ತಿರುಗಿತು. ಸರಿಯಾಗಿ ಉಜ್ಜುವುದಿಲ್ಲವೆಂದು ನಾನು ಆ ಮಗುವನ್ನು ಎಷ್ಟು ಬೈದೆನೋ! ಸ್ಕೂಲಿಗೆ ಬಂದ ಹಲ್ಲಿನ ಡಾಕ್ಟರು ನೋಡಿ, "ಇದು ಉಜ್ಜಿದರೆ ಹೋಗುವ ಕಲೆಯಲ್ಲಮ್ಮ, ಫ್ಲೋರೈಡ್. ನೀರು ಪರೀಕ್ಷೆ ಮಾಡಿಸಿ" ಅಂದರು. ಮಾಡಿಸಿದೆವು. ಲೀಟರಿಗೆ 2 ಮಿಲಿಗ್ರಾಮಿಗಿಂತ ಹೆಚ್ಚಿತ್ತು. ಇರಬೇಕಾದದ್ದು 1, ಗತಿಯಿಲ್ಲದ ಕಡೆ ಒಂದೂವರೆ.

480 ಎಂದದ್ದು ಸುಳ್ಳಲ್ಲ, ಸೋದರಿಯರೇ. ಆ ಮೀಟರು ನೀರಿನಲ್ಲಿ ಕರೆಂಟು ಎಷ್ಟು ಸರಾಗವಾಗಿ ಹರಿಯುತ್ತದೆಂದು ನೋಡಿ ಒಟ್ಟು ಲವಣ ಅಂದಾಜು ಮಾಡುತ್ತದೆ, ಅಷ್ಟೇ. ಯಾವ ಲವಣ ಎಷ್ಟು ಅಂತ ಅದಕ್ಕೆ ತಿಳಿಯದು. ಫ್ಲೋರೈಡ್ ಒಂದು ಮಿಲಿಗ್ರಾಂ ಏರಿದರೆ ಮೀಟರಿಗೆ ಅದು 480 ಇದ್ದದ್ದು 481 ಆದ ಹಾಗೆ. ಮಗುವಿನ ಹಲ್ಲಿಗೆ ಮಾತ್ರ ಅದು ಎರಡು ಪಟ್ಟು! ರೋಗಾಣುಗಳಂತೂ ಆ ಮೀಟರಿಗೆ ಕಾಣುವುದೇ ಇಲ್ಲ. ನಾನು ಟಿ.ಡಿ.ಎಸ್. ಎಂದರೆ "ನೀರು ಒಳ್ಳೆಯದು" ಎಂದು ಓದಿಕೊಂಡೆ. ತಪ್ಪು ಅಲ್ಲಾಯಿತು.

ಆದ್ದರಿಂದ ಕೆಲವು ಮಾತು ನೆನಪಿಡಿ. ಒಂದು: ಬೋರಿನ ನೀರು ಕುಡಿಯುವವರು ಫ್ಲೋರೈಡ್ ಪರೀಕ್ಷೆ ಎಂದೇ ಕೇಳಿ ಮಾಡಿಸಿ. ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯಗಳಿವೆ. ಎಂಟು ವರ್ಷದೊಳಗಿನ ಮಕ್ಕಳಿರುವ ಮನೆಯವರು ತಡ ಮಾಡಬೇಡಿ, ಹಲ್ಲು ಒಳಗೇ ರೂಪುಗೊಳ್ಳುವ ವಯಸ್ಸು ಅದು. ಎರಡು: ನೀರು ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತದೆ. ಮೂರು: ಕುಡಿಯಲು ಮಾತ್ರ ಶುದ್ಧ ನೀರಿನ ಘಟಕದ ಕ್ಯಾನು, ಅಡುಗೆಗೆ ಬೋರಿನ ನೀರು ಎಂಬ ಲೆಕ್ಕ ಬೇಡ. ಮುದ್ದೆಗೆ, ಅನ್ನಕ್ಕೆ, ಸಾರಿಗೆ ಹಾಕಿದ ನೀರೂ ಹೊಟ್ಟೆಗೇ ಹೋಗುವುದು. ಆರ್.ಓ. ಯಂತ್ರ ಬಿಡುವ ನೀರು ನೆಲ ಒರೆಸಲು, ಬಚ್ಚಲು ತೊಳೆಯಲು ಆಗುತ್ತದೆ. ನಾಲ್ಕು: ಯಾರಾದರೂ ನೀರಿನಲ್ಲಿ ಎರಡು ಕಂಬಿ ಇಟ್ಟು ಕರೆಂಟು ಹಾಯಿಸಿ "ನೋಡಿ, ಎಷ್ಟು ಕೊಳೆ!" ಎಂದು ಹೆದರಿಸಿದರೆ ನಂಬಬೇಡಿ. ಆ ಬಣ್ಣ ಬರುವುದು ಕಬ್ಬಿಣದ ಕಂಬಿ ಕರಗುವುದರಿಂದ.

ಹಾಲು, ರಾಗಿ, ಸೊಪ್ಪು, ನೆಲ್ಲಿಕಾಯಿ ಮಕ್ಕಳಿಗೆ ಧಾರಾಳವಾಗಿ ಕೊಡಿ. ಸುಣ್ಣದ ಅಂಶ, ಸಿ ಜೀವಸತ್ವ ದೇಹಕ್ಕೆ ಬಲ. ಆದರೆ ಒಳ್ಳೆಯ ನೀರಿಗೆ ಅದು ಬದಲಿಯಲ್ಲ.

ಮಗಳು ಈಗ ಹೈಸ್ಕೂಲಿನಲ್ಲಿದ್ದಾಳೆ. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವ ಅಭ್ಯಾಸವಾಗಿದೆ. ಮೊನ್ನೆ ಅಜ್ಜಿಯ ಮಾತಿಗೆ ಮಾತ್ರ ಕೈ ತೆಗೆದು ನಕ್ಕಳು. ನಾನು ಆ ಹಳೆಯ ಚೀಟಿಯನ್ನು ಹರಿದುಹಾಕಲಿಲ್ಲ. ಮತ್ತೆ ತಂತಿಗೇ ಸಿಕ್ಕಿಸಿದೆ, ಎಲ್ಲಕ್ಕಿಂತ ಮೇಲೆ.

ಆವತ್ತು "ಟಿ.ಡಿ.ಎಸ್. ಅಂದರೆ ಏನಪ್ಪಾ? ಅದರಲ್ಲಿ ಏನೇನು ತಿಳಿಯುತ್ತೆ, ಏನು ತಿಳಿಯಲ್ಲ?" ಎಂದು ನಾನು ಕೇಳಬೇಕಿತ್ತು. ಅಷ್ಟೂ ಗೊತ್ತಿಲ್ಲವೇ ಎಂದುಕೊಂಡಾರೆಂಬ ನಾಚಿಕೆಯಿಂದ ತಲೆಯಾಡಿಸಿದೆ. ಅತ್ತೆಯವರಿಗೆ ಆ ನಾಚಿಕೆಯಿಲ್ಲ. ಗೊತ್ತಿಲ್ಲದ್ದನ್ನು ಗಟ್ಟಿಯಾಗಿ ಕೇಳುತ್ತಾರೆ. ನೀವೂ ಕೇಳಿ, ಸೋದರಿಯರೇ. ಡಾಕ್ಟರಾಗಲಿ, ಬ್ಯಾಂಕಿನವರಾಗಲಿ, ಬಾಗಿಲಿಗೆ ಬಂದವರಾಗಲಿ, ಅಕ್ಷರ ಬರೆದವರೇ ಅದರ ಅರ್ಥವನ್ನೂ ಹೇಳಲಿ.