ಕೋಚ್ ಕೈಯಲ್ಲಿ ಕರಾರಿತ್ತು, ನಿನ್ನ ಕೈಯಲ್ಲೇನಿದೆ ತಮ್ಮಾ?

"ಅವನ್ನ ಓಡಿಸಿದ್ದು ಚಲೋ ಆತು ಮಾಮಾ!"

2023ರ ಡಿಸೆಂಬರಿನಲ್ಲಿ ನನ್ನ ಅಕ್ಕನ ಮಗ ಬೆಂಗಳೂರಿನಿಂದ ರಾಣೆಬೆನ್ನೂರಿಗೆ ಬಂದವನು ಹೆಗಲ ಚೀಲ ಇಳಿಸುವ ಮೊದಲೇ ಹೇಳಿದ ಮಾತಿದು. ಯಾರನ್ನು ಓಡಿಸಿದ್ದು? ಬೆಂಗಳೂರು ಎಫ್‌ಸಿ ಕೋಚ್ ಸೈಮನ್ ಗ್ರೇಸನ್‌ನನ್ನು. ಡಿಸೆಂಬರ್ 8ರಂದು ಕಂಠೀರವದಲ್ಲಿ, ನಮ್ಮದೇ ಅಂಗಳದಲ್ಲಿ, ಮುಂಬೈ ಸಿಟಿ ನಾಲ್ಕು ಗೋಲು ಬಾರಿಸಿತು. ನಮ್ಮದು ಸೊನ್ನೆ. ಮರುದಿನ ಗ್ರೇಸನ್ ಮಾಜಿ! ಇದೇ ಮನುಷ್ಯ 2022ರಲ್ಲಿ ಡುರಾಂಡ್ ಕಪ್ ತಂದುಕೊಟ್ಟಿದ್ದ. 2023ರ ಮಾರ್ಚಿನಲ್ಲಿ ತಂಡವನ್ನು ಐಎಸ್‌ಎಲ್ ಫೈನಲ್‌ಗೆ ಒಯ್ದು ಪೆನಾಲ್ಟಿಯಲ್ಲಿ ಸೋತಿದ್ದ. ಒಂಬತ್ತು ತಿಂಗಳಲ್ಲಿ ಎಲ್ಲ ಮರೆತುಹೋಯಿತು.

"ಕ್ಲಬ್ಬಿಗೆ ನಿಯತ್ತು ಇರಬೇಕು ಮಾಮಾ. ನಮಗೈತಿ, ಅವಂಗಿಲ್ಲ" ಎಂದ ಅಳಿಯ. ಮೈಮೇಲೆ ನೀಲಿ ಜೆರ್ಸಿ. ಅದೂ ಸಾಲದ ದುಡ್ಡಿನದು.

ಇರಲಿ. ನಿಯತ್ತಿನ ಮಾತು ಬಂದಿದೆ, ಆಡಿಯೇ ಬಿಡೋಣ. ಗ್ರೇಸನ್‌ನಂಥವರು ಕರಾರಿಗೆ ಸಹಿ ಹಾಕಿಯೇ ವಿಮಾನ ಹತ್ತುವುದು. ಕಾರಣವಿಲ್ಲದೆ ಕರಾರು ಮುರಿದರೆ ಉಳಿದ ಅವಧಿಯ ಸಂಬಳ ಕೇಳಬಹುದು. ನಡುವೆ ಬೇರೆ ಕೆಲಸ ಸಿಕ್ಕರೆ ಅಷ್ಟು ಕಳೆಯುತ್ತಾರೆ. ಕೋಚ್‌ಗಳಿಗೆಂದೇ ಫಿಫಾ 2021ರಿಂದ ಈ ನಿಯಮ ಇಟ್ಟಿದೆ. ಭಾರತ ತಂಡದ ಕೋಚ್ ಇಗೊರ್ ಸ್ಟಿಮಾಚ್ ನೆನಪಿದೆಯಾ? ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ ತಂಡ ಸೋತು ಹೊರಬಿತ್ತು, 2024ರ ಜೂನ್ 17ರಂದು ಅವನನ್ನು ತೆಗೆದರು. ಕರಾರು 2026ರವರೆಗಿತ್ತು. ಆತ ಅಳಲಿಲ್ಲ, ಕೈಮುಗಿಯಲಿಲ್ಲ. ಬಾಕಿ ಕೊಡಿ, ಇಲ್ಲವೇ ಫಿಫಾ ನ್ಯಾಯಮಂಡಳಿಗೆ ಹೋಗುತ್ತೇನೆ ಎಂದ. ಕೊನೆಗೆ ಫುಟ್‌ಬಾಲ್ ಫೆಡರೇಷನ್ 4 ಲಕ್ಷ ಡಾಲರಿಗೆ ರಾಜಿಯಾಯಿತು. ಮೂರು ಕೋಟಿ ರೂಪಾಯಿಗೂ ಮೇಲೆ! ಸೋತವನಿಗೆ!

ಇದನ್ನು ಕೇಳಿ ಹೊಟ್ಟೆ ಉರಿದುಕೊಳ್ಳಬೇಡಿ. ಅವನು ಮಾಡಿದ್ದೇ ಸರಿ. ಉರಿಯಬೇಕಾದ್ದು ಬೇರೆ ಕಡೆ.

ನನ್ನ ಅಳಿಯ ಬೆಂಗಳೂರಿನ ಒಂದು ಪಾರ್ಸೆಲ್ ಗೋದಾಮಿನಲ್ಲಿ ಮೂರು ವರ್ಷ ಗೇಯ್ದ. ಹಬ್ಬಕ್ಕೂ ರಜೆ ಕೇಳದವನು. 2025ರಲ್ಲಿ ಒಂದು ರಾತ್ರಿ ಫೋನಿಗೆ ಮೆಸೇಜು ಬಂತು: ನಾಳೆಯಿಂದ ಬರಬೇಡ. ಮುಗೀತು. ನೇಮಕಾತಿ ಪತ್ರ ತೋರಿಸೋ ಎಂದೆ. ಸಹಿ ಮಾಡಿದ ಒಂದು ಹಾಳೆಯ ಫೋಟೋ ತೋರಿಸಿದ. ಪೂರಾ ಇಂಗ್ಲಿಷು. ಅದರಲ್ಲಿದ್ದ ಮಾಲೀಕನ ಹೆಸರು, ಯಾವನೋ ಗುತ್ತಿಗೆದಾರನದು, ಇವನು ಒಮ್ಮೆಯೂ ಕೇಳಿದ್ದಲ್ಲ. ಗ್ರೇಸನ್ ಯಾವ ಆಟಗಾರನನ್ನು ಎಲ್ಲಿ ಆಡಿಸಿದ ಎಂದು ಬಾಯಿಪಾಠ ಹೇಳುವ ಹುಡುಗನಿಗೆ ತಾನು ಸಹಿ ಹಾಕಿದ್ದೇನೆಂದು ಗೊತ್ತಿಲ್ಲ!

ಆ ವರ್ಷ ಆಗಸ್ಟಿನಲ್ಲಿ ಏನಾಯಿತು? ಐಎಸ್‌ಎಲ್ ನಡೆಯುವುದೋ ಇಲ್ಲವೋ ತಿಳಿಯದೆ ಬೆಂಗಳೂರು ಎಫ್‌ಸಿಯೇ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳ ನಿಲ್ಲಿಸುವುದಾಗಿ ಸಾರಿತು. ಎಷ್ಟು ದಿನ ಅಂತಲೂ ಹೇಳಲಿಲ್ಲ. ಆಗ ಒಬ್ಬ ಆಟಗಾರ ಬೇರೆ ತಂಡ ನೋಡಿಕೊಂಡರೆ ಅವನು ದ್ರೋಹಿಯೇ? ಸ್ವಾಮಿ, ನಿಯತ್ತು ಎರಡೂ ಕಡೆಯಿಂದ ಇರಬೇಕಲ್ಲವೇ? ಇದೇ ಬೆಂಗಳೂರಿನ ಐಟಿಐ ತಂಡ 1977ರಲ್ಲಿ ಮೋಹನ್ ಬಗಾನನ್ನು ಸೋಲಿಸಿ ಮೊದಲ ಫೆಡರೇಷನ್ ಕಪ್ ಗೆದ್ದಿತು. ಎಚ್‌ಎಎಲ್ ಕೂಡ ಅಂಥದ್ದೇ ಕಾರ್ಖಾನೆ ತಂಡ. ಸೋತರೂ ಗೆದ್ದರೂ ಸೋಮವಾರ ಹಾಜರಿ, ತಿಂಗಳಿಗೆ ಸಂಬಳ. ಆ ಆಟಗಾರರ ನಿಯತ್ತಿಗೆ ಒಂದು ಅರ್ಥವಿತ್ತು.

ನಾನು ಪಿಯುಸಿ ಓದಿದವನು, ವಕೀಲನಲ್ಲ. ಕೋರ್ಟು-ಕಚೇರಿಯ ಕಾಗದ ಅಚ್ಚು ಹಾಕಿ ಹಾಕಿ ಒಂದಿಷ್ಟು ತಿಳಿದಿದ್ದೇನೆ. ವರ್ಷ ಪೂರೈಸಿದ ಕಾರ್ಮಿಕನನ್ನು ಅವನ ತಪ್ಪಿಲ್ಲದೆ ತೆಗೆಯುವುದಾದರೆ ಒಂದು ತಿಂಗಳ ನೋಟೀಸು, ಜೊತೆಗೆ ವರ್ಷಕ್ಕೆ 15 ದಿನದ ಸಂಬಳ. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿದ್ದ ಈ ಮಾತು 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಸಂಹಿತೆಯಲ್ಲೂ ಇದೆ. ಕೆಲಸದಿಂದ ತೆಗೆದ ಮೇಲೆ ಎರಡು ಕೆಲಸದ ದಿನಗಳೊಳಗೆ ಬಾಕಿ ಸಂಬಳ ಚುಕ್ತಾ ಆಗಬೇಕು. ಹತ್ತು ಮಂದಿ ದುಡಿಯುವ ಕಡೆ ನೇಮಕಾತಿ ಪತ್ರ ಕೊಡಲೇಬೇಕು. ಅಳಿಯನ ಮೂರು ವರ್ಷಕ್ಕೆ 45 ದಿನ, ಮೇಲೊಂದು ತಿಂಗಳು. ಕೋಟಿಯಲ್ಲ, ಆದರೆ ಅವನದು.

ಇಷ್ಟೆಲ್ಲ ಬರೆದವನ ಕೈಯೇನು ಶುದ್ಧವಾ ಎನ್ನುತ್ತೀರಾ? ಇಲ್ಲ. 2004ರಲ್ಲಿ ನಮ್ಮ ಪ್ರೆಸ್ಸಿಗೆ ಆಫ್‌ಸೆಟ್ ತಂದಾಗ 22 ವರ್ಷ ಮೊಳೆ ಜೋಡಿಸಿದ ಹಿರಿಯರೊಬ್ಬರನ್ನು ಶಾಲು ಹೊದಿಸಿ, ಹಣ್ಣು ಕೊಟ್ಟು, ನೀವು ನಮ್ಮ ಮನೆಯವರಿದ್ದಂಗೆ ಎಂದು ಹೇಳಿ ಕಳಿಸಿದೆ. ಹದಿನೈದನ್ನು 22ರಿಂದ ಗುಣಿಸಿ ನೋಡಿ. 330 ದಿನದ ಸಂಬಳ! ಕೊಟ್ಟದ್ದು ಒಂದು ಶಾಲು. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಮನೆಯವರು ಎಂಬ ಮಾತು ಎಷ್ಟು ಅಗ್ಗ ಎಂದು ಮಾಲೀಕನಾದ ನನಗೆ ಗೊತ್ತು. ಆ ಹಳೇ ಪಗಾರ ಪುಸ್ತಕ ಅಟ್ಟದಿಂದ ಇಳಿಸಿದ್ದೇನೆ, ಲೆಕ್ಕ ನಡೆದಿದೆ.

ಅಳಿಯನ ದೂರನ್ನು ಕನ್ನಡದಲ್ಲೇ ಟೈಪು ಮಾಡಿ ಕಾರ್ಮಿಕ ಇಲಾಖೆಗೆ ಕಳಿಸಿದ್ದೇವೆ. ನಿಮ್ಮದೂ ಇದ್ದರೆ ತನ್ನಿ. ಸಹಿ ಮಾಡಿದ ಹಾಳೆ, ಪಗಾರ ಜಮಾ ಆದ ಪಾಸ್‌ಬುಕ್, ಆ ಮೆಸೇಜು, ಯಾವುದನ್ನೂ ಅಳಿಸಬೇಡಿ. ಅರ್ಜಿಯ ಅಚ್ಚಿಗೆ ನಮ್ಮ ಪ್ರೆಸ್ಸಿನಲ್ಲಿ ದುಡ್ಡು ತಗೊಳ್ಳೋದಿಲ್ಲ. ಮ್ಯಾಚಿನ ದಿನ ಬಂದರೂ ಸರಿ.